ಕಂದಾಯ, ಸೈನ್ಯಭರ್ತಿ ಮತ್ತು ಬಾಡಿಗೆಯ ಬಂಡಿ: 'ಸತ್ಯಶೋಧನೆ'ಯ ಖೇಡಾ ಅಧ್ಯಾಯಗಳನ್ನು ಕುರಿತು

ಗಾಂಧೀಜಿಯವರ ಆತ್ಮಕಥೆಯ ಐದನೆಯ ಭಾಗದಲ್ಲಿ ಗುಜರಾತಿನ ಖೇಡಾ ಜಿಲ್ಲೆಯನ್ನು ಕುರಿತ ನಾಲ್ಕು ಅಧ್ಯಾಯಗಳಿವೆ. ಮೊದಲ ಮೂರು 1918ರ ಕಂದಾಯ ಸತ್ಯಾಗ್ರಹವನ್ನು ನಿರೂಪಿಸುತ್ತವೆ. ನಡುವೆ ಒಂದು ಅಧ್ಯಾಯ ಕಳೆದು ಬರುವ ನಾಲ್ಕನೆಯದು, ಅದೇ ವರ್ಷ ಅದೇ ಜಿಲ್ಲೆಯಲ್ಲಿ ಬ್ರಿಟಿಷ್ ಸೈನ್ಯಕ್ಕೆ ಜನರನ್ನು ಸೇರಿಸಲು ಅವರು ನಡೆಸಿದ ಪ್ರಯತ್ನವನ್ನು ಹೇಳುತ್ತದೆ. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ ಅನುವಾದದ ಮೂಲಕ ಈ ಅಧ್ಯಾಯಗಳು ಕನ್ನಡ ಓದುಗರಿಗೆ ಬಹುಕಾಲದಿಂದ ಪರಿಚಿತವಾಗಿವೆ. ಇವುಗಳ ಚರ್ಚೆ ಬಂದಾಗಲೆಲ್ಲ ನಮ್ಮಲ್ಲಿ ಸಾಮಾನ್ಯವಾಗಿ ಎದ್ದು ನಿಲ್ಲುವ ಪ್ರಶ್ನೆ ಒಂದೇ: ಅಹಿಂಸಾವ್ರತಿಯಾದವರು ಯುದ್ಧಕ್ಕೆ ಜನರನ್ನು ಕರೆದದ್ದು ಹೇಗೆ? ಕೆಲವರು ಇದನ್ನು ವಿರೋಧಾಭಾಸವೆಂದು ಬಗೆದರೆ, ಮತ್ತೆ ಕೆಲವರು ಗಾಂಧೀಜಿಯವರ ಚಿಂತನೆ ಪಕ್ವವಾಗುವುದಕ್ಕೆ ಮುನ್ನಿನ ಹಂತವೆಂದು ಸಮಾಧಾನ ಹೇಳುತ್ತಾರೆ.

ಈ ಪ್ರಶ್ನೆ ಸಣ್ಣದೆಂದು ನಾವು ಹೇಳುವುದಿಲ್ಲ. ಆದರೆ ಅದು ಬರೆದವರ ಆತ್ಮಸಾಕ್ಷಿಗೆ ಸಂಬಂಧಿಸಿದ ಪ್ರಶ್ನೆ. ಆ ಅಧ್ಯಾಯದಲ್ಲಿ ಹಳ್ಳಿಯವರು ಎರಡು ಪ್ರಶ್ನೆಗಳನ್ನು ಕೇಳುತ್ತಾರೆ. ಅಹಿಂಸೆಯನ್ನು ಬೋಧಿಸುವವರು ಆಯುಧ ಹಿಡಿಯಿರಿ ಎನ್ನುವುದು ಹೇಗೆ ಎಂಬುದು ಒಂದು. ನಮ್ಮ ಸಹಕಾರವನ್ನು ಪಡೆಯುವಂಥ ಯಾವ ಉಪಕಾರವನ್ನು ಈ ಸರಕಾರ ಮಾಡಿದೆ ಎಂಬುದು ಇನ್ನೊಂದು. ವಿಮರ್ಶೆ ಮೊದಲನೆಯದನ್ನು ಎತ್ತಿಕೊಂಡು ಎರಡನೆಯದನ್ನು ಬಿಟ್ಟಿದೆ. ಎರಡನೆಯದು ಲೆಕ್ಕದ ಪ್ರಶ್ನೆ. ಯುದ್ಧದ ಹೊರೆಯನ್ನು ಯಾರು ಹೊರಬೇಕು, ಯಾವ ಆಧಾರದ ಮೇಲೆ, ಅದಕ್ಕೆ ಪ್ರತಿಯಾಗಿ ದೊರೆಯುವುದೇನು ಎಂಬ ಈ ಪ್ರಶ್ನೆಯ ಬೆಳಕಿನಲ್ಲಿ ಈ ಅಧ್ಯಾಯಗಳನ್ನು ಮತ್ತೊಮ್ಮೆ ಓದುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಸ್ಥಳದ ಬಗ್ಗೆ ಒಂದೆರಡು ಮಾತು. ವಡೋದರಾ ನಗರದ ಹೊರಗೆ ಇರುವ ಕೊಯಾಲಿ ಇಂದು 1965ರಲ್ಲಿ ಕೆಲಸ ಆರಂಭಿಸಿದ ತೈಲ ಶುದ್ಧೀಕರಣಾಗಾರದಿಂದಾಗಿ ಹೆಸರಾಗಿದೆ. ಅಲ್ಲಿಂದ ಹೊರಟು ಮಹೀ ನದಿಯನ್ನು ದಾಟಿದರೆ ಚರೋತರ್ ಎಂಬ ಫಲವತ್ತಾದ ಬಯಲು. 1997ರಲ್ಲಿ ಆಣಂದ್ ಜಿಲ್ಲೆ ಬೇರೆಯಾಗುವವರೆಗೆ ಆ ಬಯಲೆಲ್ಲ ಖೇಡಾ ಜಿಲ್ಲೆಗೆ ಸೇರಿತ್ತು. 1918ರಲ್ಲಿ ಮಹೀ ನದಿಯ ಈಚೆಗೆ ವಡೋದರೆಯ ಸುತ್ತಲ ಸೀಮೆ ಗಾಯಕವಾಡರ ಬರೋಡಾ ಸಂಸ್ಥಾನದ್ದು. ಆಚೆಗೆ ಬ್ರಿಟಿಷ್ ಮುಂಬಯಿ ಪ್ರಾಂತ. ಆಚೆಗೂ ಪೇಟ್ಲಾದ್ ಸೀಮೆ ಗಾಯಕವಾಡರದೇ ಆಗಿ, ಎರಡೂ ಆಡಳಿತಗಳ ಹಳ್ಳಿಗಳು ಒಂದರ ಮಗ್ಗುಲಲ್ಲಿ ಒಂದು ಇದ್ದವು. ಈ ಭೂಗೋಳ ಮುಂದಿನ ಚರ್ಚೆಗೆ ಬೇಕಾಗುತ್ತದೆ.

ಖೇಡಾ ಕನ್ನಡಿಗರಿಗೆ ನಾವು ತಿಳಿದಷ್ಟು ದೂರದ ಊರಲ್ಲ. ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಅಂದು ಇದೇ ಮುಂಬಯಿ ಪ್ರಾಂತಕ್ಕೆ ಸೇರಿದ್ದು, 1879ರ ಭೂಕಂದಾಯ ಕಾಯಿದೆಗೇ ಒಳಪಟ್ಟಿದ್ದವು. ಬೆಳೆ ರೂಪಾಯಿಗೆ ನಾಲ್ಕು ಆಣೆ ಅಥವಾ ಅದಕ್ಕಿಂತ ಕಡಿಮೆಯಾದರೆ ಆ ವರ್ಷದ ವಸೂಲಿಯನ್ನು ಪೂರ್ತಿಯಾಗಿ ಮುಂದೂಡಬೇಕೆಂಬ ನಿಯಮ ಖೇಡಾ ವಿವಾದದ ಮೂಲ. ಉತ್ತರ ಕರ್ನಾಟಕದ ರೈತನಿಗೆ ಆಣೆವಾರಿ ಎಂಬ ಮಾತನ್ನು ವಿವರಿಸಿ ಹೇಳಬೇಕಾಗಿಲ್ಲ. ಬೆಳೆ ನಾಲ್ಕಾಣೆಗಿಂತ ಹೆಚ್ಚೆಂದು ಸರಕಾರಿ ಅಂದಾಜು, ಅಷ್ಟಿಲ್ಲವೆಂದು ರೈತರ ಅಂದಾಜು. ಹೊಲವನ್ನು ನೋಡಿದ ಎರಡು ಕಣ್ಣುಗಳು ಎರಡು ಅಂಕಿಗಳನ್ನು ಕೊಟ್ಟವು. ಯಾವ ಅಂಕಿ ನಿಲ್ಲಬೇಕು ಎಂಬುದೇ ಜಗಳ. 1918ರ ಮಾರ್ಚ್ 22ರಂದು ನಡಿಯಾದಿನಲ್ಲಿ ಸತ್ಯಾಗ್ರಹ ಆರಂಭವಾಯಿತು. ಅದಕ್ಕೆ ನಾಲ್ಕು ದಿನ ಮೊದಲಷ್ಟೇ ಅಹಮದಾಬಾದಿನ ಗಿರಣಿ ಕಾರ್ಮಿಕರ ಹೋರಾಟ ಗಾಂಧೀಜಿಯವರ ಉಪವಾಸದೊಂದಿಗೆ ಮುಗಿದಿತ್ತು. ಅಲ್ಲಿಯ ಬೇಡಿಕೆ ಶೇಕಡ 35ರಷ್ಟು ಕೂಲಿ ಹೆಚ್ಚಳ. ಅದರ ಹಿಂದೆ ಇದ್ದದ್ದು ಯುದ್ಧಕಾಲದ ಬೆಲೆಯೇರಿಕೆ.

ಯುದ್ಧದ ಹಣಕಾಸು ಈ ಎರಡು ಹೋರಾಟಗಳ ಹಿನ್ನೆಲೆಯಲ್ಲಿ ಇದ್ದೇ ಇದೆ, ಆತ್ಮಕಥೆ ಅದನ್ನು ಹೆಚ್ಚು ಎತ್ತಿ ಹೇಳದಿದ್ದರೂ. 1917ರಲ್ಲಿ ಭಾರತ ಸರಕಾರ ಬ್ರಿಟನ್ನಿನ ಯುದ್ಧವೆಚ್ಚಕ್ಕೆ ಹತ್ತು ಕೋಟಿ ಪೌಂಡುಗಳ ಕೊಡುಗೆಯನ್ನು ಘೋಷಿಸಿತು. ಅಂದಿನ ವಿನಿಮಯ ದರದಲ್ಲಿ ಅದು ಸುಮಾರು 150 ಕೋಟಿ ರೂಪಾಯಿ. ಆ ಭಾರ ಹೊರಲು ಯುದ್ಧಸಾಲ ಎತ್ತಲಾಯಿತು, ದೊಡ್ಡ ಆದಾಯಗಳ ಮೇಲೆ ಹೆಚ್ಚುವರಿ ತೆರಿಗೆ ಬಂತು, ಹತ್ತಿ ಬಟ್ಟೆಯ ಆಮದು ಸುಂಕ ಶೇಕಡ 3.5ರಿಂದ 7.5ಕ್ಕೆ ಏರಿತು. ದೇಶೀ ಗಿರಣಿಗಳ ಮೇಲಿನ ಸುಂಕವನ್ನು ಏರಿಸದೆ ಬಿಟ್ಟದ್ದರಿಂದ ಲ್ಯಾಂಕಾಶೈರಿನ ಗಿರಣಿ ಹಿತಾಸಕ್ತರು ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಗಲಾಟೆ ಎಬ್ಬಿಸಿದರು. ಅಂದರೆ ಭಾರತದ ಯುದ್ಧಕೊಡುಗೆಯ ಬಗ್ಗೆ ಸಾರ್ವಜನಿಕ ಭಿನ್ನಮತ ಇತ್ತು. ಅದಕ್ಕೆ ಲಂಡನ್ನಿನಲ್ಲಿ ವೇದಿಕೆಯೂ ಇತ್ತು. ನಡಿಯಾದಿನ ರೈತನಿಗೆ ಇದ್ದ ವೇದಿಕೆ ಕಂದಾಯ ಕೊಡೆನೆನ್ನುವುದು ಒಂದೇ.

ಈಗ ಪಠ್ಯಕ್ಕೆ ಬರೋಣ. 1918ರ ಏಪ್ರಿಲ್ ಕೊನೆಯಲ್ಲಿ, ಖೇಡಾ ಸತ್ಯಾಗ್ರಹ ಇನ್ನೂ ನಡೆಯುತ್ತಿರುವಾಗಲೇ, ವೈಸ್‌ರಾಯ್ ಚೆಲ್ಮ್ಸ್‌ಫರ್ಡ್ ದೆಹಲಿಯಲ್ಲಿ ಯುದ್ಧ ಪರಿಷತ್ತನ್ನು ಕರೆದರು. ಗಾಂಧೀಜಿ ಅಲ್ಲಿ ಹಿಂದುಸ್ತಾನಿಯಲ್ಲಿ ಒಂದೇ ವಾಕ್ಯ ನುಡಿದು ಸೈನ್ಯಭರ್ತಿಯ ಗೊತ್ತುವಳಿಯನ್ನು ಬೆಂಬಲಿಸಿದರು. ಅನಂತರ ವೈಸ್‌ರಾಯರಿಗೆ ಬರೆದ ಪತ್ರವನ್ನು ಆತ್ಮಕಥೆಯಲ್ಲಿ ಕೊಟ್ಟಿದ್ದಾರೆ. ಆ ಪತ್ರದಲ್ಲಿ, ಸಾಮ್ರಾಜ್ಯದ ರಕ್ಷಣೆಗೆ ಸಾಧ್ಯವಿದ್ದ ಪ್ರತಿಯೊಬ್ಬ ಮನುಷ್ಯನನ್ನೂ ಕೊಡಬೇಕು ಎಂದ ಬೆನ್ನಿಗೇ, ಹಣದ ನೆರವಿನ ಬಗ್ಗೆ ತಾವು ಹಾಗೆ ಹೇಳಲಾರೆವೆಂದು ಅವರು ಸ್ಪಷ್ಟಪಡಿಸುತ್ತಾರೆ. ರೈತರೊಂದಿಗಿನ ನಿಕಟ ಒಡನಾಟದಿಂದ, ಭಾರತ ಈಗಾಗಲೇ ತನ್ನ ಶಕ್ತಿ ಮೀರಿ ಕೊಟ್ಟಿದೆಯೆಂದು ತಮಗೆ ಮನವರಿಕೆಯಾಗಿದೆ ಎಂಬುದು ಅವರು ಕೊಡುವ ಕಾರಣ.

ಅಹಿಂಸೆಯ ಪ್ರಶ್ನೆಯಲ್ಲೇ ಕಣ್ಣು ನಟ್ಟವರಿಗೆ ಈ ವಾಕ್ಯ ಕಾಣಿಸದೆ ಹೋಗುತ್ತದೆ. ನಮಗೆ ಇದು ಇಡೀ ಪ್ರಕರಣದ ಕೀಲೆಂದು ತೋರುತ್ತದೆ. ಇಲ್ಲಿ ಯುದ್ಧದ ಹೊರೆ ಎರಡು ಭಾಗವಾಗುತ್ತದೆ: ಜನ ಮತ್ತು ಹಣ. ಜನವನ್ನು ಕೊಡಬಹುದು, ಹಣವನ್ನು ಕೊಡಲಾಗದು. ಏಕೆ ಹೀಗೆ? ಹಣ ರೈತನಿಂದ ಬಲವಂತವಾಗಿ ಬರುವಂಥದು. ಸೈನಿಕ ತಾನಾಗಿ ಹೋಗಬಹುದಾದವನು, ಹೋಗಿ ಕಲಿತ ಶೌರ್ಯ ದೇಶಕ್ಕೆ ಮರಳಿ ಬರುತ್ತದೆ. ಗಾಂಧೀಜಿಯವರ ತರ್ಕ ಹೀಗಿದ್ದೀತೆಂದು ಜೂನ್ 22ರ ನಡಿಯಾದ್ ಕರಪತ್ರವನ್ನು ನೋಡಿದರೆ ಊಹಿಸಬಹುದು. ಆದರೆ ರೈತನ ಮನೆಯಲ್ಲಿ ಈ ವಿಭಜನೆ ನಿಲ್ಲುವುದಿಲ್ಲ. ಮಗ ಸೈನ್ಯಕ್ಕೆ ಹೋದರೆ ನೇಗಿಲ ಹಿಂದೆ ನಡೆಯುವವನು ಒಬ್ಬ ಕಡಿಮೆಯಾದ. ಬೆಳೆ ಕೆಟ್ಟ ವರ್ಷದ ಮರುವರ್ಷ ಅದೂ ಒಂದು ಕಂದಾಯವೇ.

ಇದೇ ಸಂದರ್ಭದಲ್ಲಿ ವೈಸ್‌ರಾಯರ ಖಾಸಗಿ ಕಾರ್ಯದರ್ಶಿ ಮ್ಯಾಫೆಗೆ ಗಾಂಧೀಜಿ ಬರೆದ ಇನ್ನೊಂದು ಪತ್ರ ಅವರ ಸಮಗ್ರ ಬರಹಗಳ ಸಂಪುಟದಲ್ಲಿದೆ, ಆತ್ಮಕಥೆಯಲ್ಲಿಲ್ಲ. ಅದರಲ್ಲಿ ಅವರು ಖೇಡಾದ ತೊಡಕಿಗೆ ಪರಿಹಾರ ಕೇಳುತ್ತಾರೆ. ಪರಿಹಾರ ದೊರೆತರೆ ತಾವು ಆ ಚಿಂತೆಯಿಂದ ಬಿಡುಗಡೆ ಹೊಂದುವುದಲ್ಲದೆ, ಅಲ್ಲಿಯ ತಮ್ಮ ಸಹೋದ್ಯೋಗಿಗಳನ್ನು ಯುದ್ಧಕಾರ್ಯಕ್ಕೆ ಬಳಸಿಕೊಳ್ಳಬಹುದು, ಆ ಜಿಲ್ಲೆಯಿಂದ ಜನರೂ ದೊರೆಯಬಹುದು ಎಂದು ಸೂಚಿಸುತ್ತಾರೆ. ಆತ್ಮಕಥೆಯಲ್ಲಿ ಕಂದಾಯ ಮತ್ತು ಸೈನ್ಯಭರ್ತಿ ಬೇರೆ ಬೇರೆ ಅಧ್ಯಾಯಗಳಲ್ಲಿವೆ, ನಡುವೆ ಹಿಂದೂ ಮುಸ್ಲಿಂ ಐಕ್ಯದ ಅಧ್ಯಾಯವೊಂದು ಇದೆ. ಪತ್ರದಲ್ಲಿ ಅವೆರಡೂ ಒಂದೇ ಉಸಿರಿನಲ್ಲಿ ಬರುತ್ತವೆ. 1925ರಿಂದ 1929ರವರೆಗೆ 'ನವಜೀವನ'ದಲ್ಲಿ ವಾರ ವಾರವೂ ಪ್ರಕಟವಾದ ಬರಹದಲ್ಲಿ ಅಧ್ಯಾಯಗಳು ಚಿಕ್ಕವಾಗಿ ತುಂಡಾಗುವುದು ಸಹಜ. ಬರೆದವರು ಬೇಕೆಂದೇ ಮರೆಮಾಡಿದರೆಂದು ನಾವು ಆರೋಪಿಸುತ್ತಿಲ್ಲ. ಆದರೆ ತುಂಡಾದ ಕಡೆಯಲ್ಲಿ ಅರ್ಥವೂ ತುಂಡಾಗಿದೆ. ಅದನ್ನು ಸೇರಿಸಿ ಓದುವುದು ವಿಮರ್ಶಕನ ಕೆಲಸವಾಗಿತ್ತು, ನಾವು ಮಾಡಲಿಲ್ಲ.

ಹೀಗೆ ಸೇರಿಸಿ ಓದಲು ಕನ್ನಡದ ಸಂಶೋಧಕರಿಗೆ ಒಂದು ವಿಶೇಷ ಅನುಕೂಲವಿದೆ. ನಮ್ಮ ಶಾಸನಗಳಲ್ಲಿ ಯುದ್ಧ ಮತ್ತು ಕಂದಾಯ ಜೋಡಿಯಾಗಿಯೇ ಬರುತ್ತವೆ. ಕಾಳಗದಲ್ಲಿ ಮಡಿದವನ ಕುಟುಂಬಕ್ಕೆ ಬಿಟ್ಟ ಭೂಮಿ ನೆತ್ತರುಗೊಡಗೆ. ಪರಾಕ್ರಮ ತೋರಿದವನಿಗೆ ಕತ್ತಿ ತೊಳೆದು ಕೊಡುವ ದತ್ತಿ ಬಾಳ್ಗಚ್ಚು. ಸುಮಾರು 949-50ರ ಆತಕೂರು ಶಾಸನದಲ್ಲಿ, ತಕ್ಕೋಲದ ಯುದ್ಧದಲ್ಲಿ ಹೋರಾಡಿದ ಮಣಲೇರನಿಗೆ ಗಂಗ ಬೂತುಗ ಊರುಗಳನ್ನು ಬಾಳ್ಗಚ್ಚಾಗಿ ಕೊಟ್ಟದ್ದು ಎಲ್ಲರಿಗೂ ತಿಳಿದ ಸಂಗತಿ. (ಆ ಶಾಸನದ ನಾಯಿಯ ಕಥೆಯನ್ನು ನಾವು ಎಷ್ಟು ಪ್ರೀತಿಯಿಂದ ಹೇಳುತ್ತೇವೆಂದರೆ, ದತ್ತಿಯ ಸಾಲುಗಳು ಹಿಂದೆ ಸರಿದುಬಿಡುತ್ತವೆ.) ಸಾಹಿತ್ಯ ಚರಿತ್ರೆಯಲ್ಲಿ ಈ ಪದಗಳು ವೀರದ ಅಧ್ಯಾಯದಲ್ಲಿ ಬರುತ್ತವೆ. ಅವು ಮೂಲತಃ ಕಂದಾಯದ ಪಾರಿಭಾಷಿಕ ಪದಗಳು. ರಕ್ತ ಕೇಳಿದ ಪ್ರಭುತ್ವ ಭೂಮಿಯ ಮೇಲಿನ ತನ್ನ ಹಕ್ಕಿನಲ್ಲಿ ಒಂದು ಪಾಲನ್ನು ಬಿಟ್ಟುಕೊಡಬೇಕೆಂಬ ಒಪ್ಪಂದ ಅವುಗಳಲ್ಲಿ ಅಡಗಿದೆ.

ವಡೋದರೆಗೂ ಇದರೊಂದಿಗೆ ನಂಟಿದೆ. ಈ ಊರಿನ ಹೆಸರು ವಟಪದ್ರಕ ಎಂಬ ರೂಪದಲ್ಲಿ ದೊರೆಯುವುದು 812ರ ತಾಮ್ರಪಟದಲ್ಲಿ. ಅದನ್ನು ಕೊಟ್ಟವನು ಮಾನ್ಯಖೇಟದ ರಾಷ್ಟ್ರಕೂಟರ ದಾಯಾದಿಯಾಗಿ ಲಾಟ ದೇಶವನ್ನು ಆಳುತ್ತಿದ್ದ ಕರ್ಕ ಸುವರ್ಣವರ್ಷ. ಘೂರ್ಜರ ರಾಜನಿಂದ ಮಾಲವವನ್ನು ಕಾಯಲು ಅವನ ತೋಳನ್ನು ಅಗುಳಿಯಾಗಿ ಇಟ್ಟರೆಂದು ಆ ಪಟ ಹೊಗಳುತ್ತದೆ. ಅಂದರೆ ಇದು ಗಡಿಕಾಳಗದ ನಾಡು. ಇಂಥ ದಾನಶಾಸನಗಳ ರೂಢಿಯ ಒಕ್ಕಣೆಯಲ್ಲಿ ಅಚಾಟಭಟಪ್ರವೇಶ್ಯ ಎಂಬ ಮಾತು ಬರುತ್ತದೆ: ದತ್ತಿಯಾದ ಊರನ್ನು ಸೈನಿಕರು ಹೊಗುವಂತಿಲ್ಲ. ಊರಿಗೆ ಸೈನಿಕ ಬರುವುದೂ ಒಂದು ತೆರಿಗೆಯೆಂದು ಆ ಕಾಲದ ಕರಣಿಕರಿಗೆ ಗೊತ್ತಿತ್ತು. ಹಾಗೆ ನೋಡಿದರೆ 1918ರಲ್ಲಿ ಮಹೀ ನದಿಯ ದಡದಲ್ಲಿ ಎದ್ದ ಪ್ರಶ್ನೆ ಆ ನೆಲಕ್ಕೆ ಹೊಸದಲ್ಲ.

ಖೇಡಾಕ್ಕೆ ಕೊಡಗೆ ಸಿಕ್ಕಿತೆ? ಜೂನ್ 6ರಂದು ಸತ್ಯಾಗ್ರಹ ಮುಗಿಯಿತು. ಅನುಕೂಲಸ್ಥರು ಕಂದಾಯ ಕೊಟ್ಟರೆ ಬಡವರಿಗೆ ಮುಂದೂಡಿಕೆ ಎಂಬುದು ಒಪ್ಪಂದ. ಈ ಮುಕ್ತಾಯ ತಮಗೆ ಸಂತೋಷ ಕೊಡಲಿಲ್ಲವೆಂದು ಗಾಂಧೀಜಿಯವರೇ ಬರೆಯುತ್ತಾರೆ. ಬಡವರು ಯಾರೆಂದು ನಿರ್ಣಯಿಸುವ ಹಕ್ಕು ಜನರದಾಗಿದ್ದರೂ ಅದನ್ನು ಅವರು ಚಲಾಯಿಸಲಾಗಲಿಲ್ಲ. ಮುಂದೂಡಿಕೆಯ ಲಾಭ ಪಡೆದವರು ತೀರ ಕಡಿಮೆ. ಅದೂ ಕೇವಲ ಮುಂದೂಡಿಕೆ, ಮಾಫಿಯಲ್ಲ. ಇದಾಗಿ ಎರಡು ವಾರ ಕಳೆಯುವಷ್ಟರಲ್ಲಿ ಕರಪತ್ರ ಹೊರಟಿತು. ಜಿಲ್ಲೆಯಲ್ಲಿ 600 ಹಳ್ಳಿ, ಹಳ್ಳಿಗೆ 20 ಜನ, ಒಟ್ಟು 12,000 ಎಂದು ಅದರ ಲೆಕ್ಕ. ತಲಾಟಿಯ ದಫ್ತರದ ಲೆಕ್ಕದೊಂದಿಗೆ ಮೂರು ತಿಂಗಳು ಜಗಳವಾಡಿದ ಹಳ್ಳಿಗೆ ಈಗ ತನ್ನ ನಾಯಕನಿಂದಲೇ ಇನ್ನೊಂದು ಲೆಕ್ಕ ಬಂತು.

ಹಳ್ಳಿಗಳ ಉತ್ತರವನ್ನು ಆತ್ಮಕಥೆ ಒಂದು ಸಣ್ಣ ವಿವರದಲ್ಲಿ ದಾಖಲಿಸುತ್ತದೆ. ಕಂದಾಯದ ಹೋರಾಟದಲ್ಲಿ ಜನ ಬಂಡಿಗಳನ್ನು ಬಾಡಿಗೆಯಿಲ್ಲದೆ ಕೊಟ್ಟರು, ಒಬ್ಬ ಸ್ವಯಂಸೇವಕ ಬೇಕೆಂದರೆ ಇಬ್ಬರು ಬಂದರು. ಈಗ ಬಾಡಿಗೆ ಕೊಡುತ್ತೇವೆಂದರೂ ಬಂಡಿ ಸಿಗಲಿಲ್ಲ. ಗಾಂಧೀಜಿ, ವಲ್ಲಭಭಾಯಿ ಮತ್ತು ಸಂಗಡಿಗರು ಬುತ್ತಿ ಕಟ್ಟಿಕೊಂಡು ದಿನಕ್ಕೆ ಇಪ್ಪತ್ತು ಮೈಲಿಯವರೆಗೂ ನಡೆದರು. ಈ ವಿವರವನ್ನು ವ್ಯಾಖ್ಯಾನಕಾರರು ಜನರ ಉತ್ಸಾಹಭಂಗವೆಂದೋ, ಅವರ ಅಹಿಂಸೆ ಹೇಡಿತನದಿಂದ ಬಂದದ್ದೆಂಬುದಕ್ಕೆ ಸಾಕ್ಷಿಯೆಂದೋ ಓದುವುದುಂಟು. ನಮಗೆ ಇದು ಮತದಾನವೆಂದೇ ಕಾಣುತ್ತದೆ. ಮುಂಗಡಪತ್ರದ ಮೇಲೆ ಮತ ಹಾಕುವ ಹಕ್ಕಿಲ್ಲದ ಜನ ತಮ್ಮಲ್ಲಿದ್ದ ಬಂಡಿಯನ್ನು ಒಂದು ಖರ್ಚಿಗೆ ಕೊಟ್ಟು ಇನ್ನೊಂದು ಖರ್ಚಿಗೆ ತಡೆಹಿಡಿದರು. ಗಾಂಧೀಜಿ ಕಲಿಸಿದ ಪಾಠವನ್ನೇ ಅವರು ಗಾಂಧೀಜಿಗೆ ಒಪ್ಪಿಸಿದರು. ಹೇಳಿಕೆಗೆ ಸಹಿ ಹಾಕಲಿಲ್ಲ, ಸಭೆಯಲ್ಲಿ ಗದ್ದಲ ಎಬ್ಬಿಸಲಿಲ್ಲ. ಊಟ ನೀರಿಗೂ ಅವರು ತಮ್ಮನ್ನು ಕಾಯಲಿ ಎಂಬ ನಿರೀಕ್ಷೆ ಇಟ್ಟುಕೊಳ್ಳದೆ ಗಾಂಧೀಜಿ ನಡೆದರು. ಇದನ್ನು ಮುಚ್ಚಿಡದೆ ಬರೆದದ್ದು ಆ ಅಧ್ಯಾಯದ ದೊಡ್ಡ ಗುಣ. ತನ್ನ ವಿರುದ್ಧದ ಸಾಕ್ಷ್ಯವನ್ನು ತಾನೇ ಇಷ್ಟು ಶಾಂತವಾಗಿ ಒದಗಿಸುವ ಆತ್ಮಕಥೆಗಳು ನಮ್ಮಲ್ಲಿ ಕಡಿಮೆ.

ಇದೇ ಜೂನ್ ತಿಂಗಳಲ್ಲಿ ಮುಂಬಯಿಯಲ್ಲಿ ಗವರ್ನರ್ ವಿಲಿಂಗ್ಡನ್ ಕರೆದ ಪ್ರಾಂತೀಯ ಯುದ್ಧ ಪರಿಷತ್ತಿನಿಂದ ತಿಲಕರು ಹೊರನಡೆದದ್ದನ್ನೂ ಇಲ್ಲಿ ನೆನೆಯಬೇಕು. 1916ರಲ್ಲಿ ಬೆಳಗಾವಿಯಲ್ಲಿ ಹೋಮ್‌ರೂಲ್ ಸಂಘವನ್ನು ಸ್ಥಾಪಿಸಿದ ತಿಲಕರದು ಷರತ್ತಿನ ಸಹಕಾರ: ಮೊದಲು ಸ್ವರಾಜ್ಯದ ಮಾತು, ಅನಂತರ ಜನ ಮತ್ತು ಹಣ. ಗಾಂಧೀಜಿಯವರದು ಷರತ್ತಿಲ್ಲದ ಸಹಕಾರವೆಂದು ಪಠ್ಯಪುಸ್ತಕಗಳು ಹೇಳುತ್ತವೆ. ಹಣವನ್ನು ಹೊರಗಿಟ್ಟ ಪತ್ರವನ್ನೂ ಖೇಡಾದ ಪರಿಹಾರ ಕೇಳಿದ ಪತ್ರವನ್ನೂ ಒಟ್ಟಿಗೆ ಓದಿದವರಿಗೆ ಈ ವಿಂಗಡಣೆ ಅಷ್ಟು ನೇರವಾಗಿ ಕಾಣಲಾರದು.

ಕನ್ನಡದ್ದೇ ಆದ ಸಮಾನಾಂತರವೊಂದನ್ನು ನೋಡೋಣ. ಮೈಸೂರಿನ ಸಾರ್ವಜನಿಕ ಜೀವನದಲ್ಲಿ ಯುದ್ಧದ ಹಣಕ್ಕೆ ಪೊಗದಿ ಎಂಬ ಹೆಸರಿತ್ತು. 1799ರ ಒಪ್ಪಂದದಂತೆ ಕಂಪನಿಯ ಸೈನ್ಯಕ್ಕಾಗಿ ಮೈಸೂರು ವರ್ಷಕ್ಕೆ 7 ಲಕ್ಷ ವರಹ, ಅಂದರೆ 24.5 ಲಕ್ಷ ರೂಪಾಯಿ ಕೊಡಬೇಕಿತ್ತು. 1830-31ರ ನಗರ ದಂಗೆಯಲ್ಲಿ ಕಂದಾಯದ ಒತ್ತಡ ಸಿಡಿದಾಗ ಕಂಪನಿ ಆಡಳಿತವನ್ನೇ ವಶಪಡಿಸಿಕೊಂಡಿತು. 1881ರಲ್ಲಿ ರಾಜ್ಯವನ್ನು ಮರಳಿಸುವಾಗ ಪೊಗದಿ 35 ಲಕ್ಷಕ್ಕೆ ಏರಿತು. 1876-78ರ ಕ್ಷಾಮದಿಂದ ಸಂಸ್ಥಾನ ಇನ್ನೂ ಚೇತರಿಸಿಕೊಳ್ಳದೆ ಸಾಲದಲ್ಲಿದ್ದುದರಿಂದ ಏರಿಕೆಯ ಭಾಗ 1896ರವರೆಗೆ ಮುಂದಕ್ಕೆ ಹೋಯಿತು. ಆಣೆವಾರಿಯ ತರ್ಕವೇ ಇಲ್ಲಿ ಒಂದು ರಾಜ್ಯದ ಮಟ್ಟದಲ್ಲಿ ನಡೆದಿದೆ ಎನ್ನಬಹುದು. ಕಡಿತಕ್ಕಾಗಿ ದಿವಾನರುಗಳು ಬಹುಕಾಲ ವಾದಿಸಿದರು, ಏರಿಸಿದ 10.5 ಲಕ್ಷ ಕೊನೆಗೆ ಬಿಡುಗಡೆಯಾದದ್ದು 1927-28ರ ಸುಮಾರಿಗೆ.

ಈ ವಾದವೆಲ್ಲ ನಡೆದದ್ದು ಮನವಿಯ ಭಾಷೆಯಲ್ಲಿ, ರೆಸಿಡೆಂಟರ ಕಚೇರಿಯ ಕಡತಗಳಲ್ಲಿ. 1881ರಲ್ಲೇ ಪ್ರಜಾಪ್ರತಿನಿಧಿ ಸಭೆ ಹುಟ್ಟಿದ್ದರೂ ಆ ಸಭೆಗೆ ಅಹವಾಲು ಹೇಳುವ ಹಕ್ಕಿತ್ತೇ ಹೊರತು ಮುಂಗಡಪತ್ರದ ಮೇಲೆ ಮತ ಹಾಕುವ ಹಕ್ಕಿರಲಿಲ್ಲ. 1914ರಲ್ಲಿ ಯುದ್ಧ ಆರಂಭವಾದಾಗ ಮಹಾರಾಜರು 50 ಲಕ್ಷ ರೂಪಾಯಿಗಳನ್ನು ಕೊಟ್ಟರು. ಅದು ಸುಮಾರು ಹದಿನೇಳು ತಿಂಗಳ ಪೊಗದಿಗೆ ಸಮ. ಪೊಗದಿ ಹೊರೆಯೆಂದು ವಾದಿಸುತ್ತಿದ್ದ ಸಂಸ್ಥಾನವೇ ಅದರ ಒಂದೂವರೆ ಪಟ್ಟಿನಷ್ಟನ್ನು ಕಾಣಿಕೆಯೆಂದು ಕೊಟ್ಟಾಗ, ಕಾಣಿಕೆ ಎಂಬ ಪದ ಲೆಕ್ಕದ ಪ್ರಶ್ನೆಯನ್ನು ಮುಚ್ಚಿಬಿಟ್ಟಿತು. 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಮೈಸೂರು ಲ್ಯಾನ್ಸರುಗಳು ತೋರಿದ ಪರಾಕ್ರಮವನ್ನು ನಾವು ಹೆಮ್ಮೆಯಿಂದ ನೆನೆಯುತ್ತೇವೆ. ಪೊಗದಿಯ ಕಥೆಯನ್ನು ಹೇಳುವವರು ಅರ್ಥಶಾಸ್ತ್ರದ ವಿಭಾಗದವರು. ಶಾಸನಗಳ ಕಾಲದಲ್ಲಿ ಒಂದೇ ಕಲ್ಲಿನ ಮೇಲೆ ಇದ್ದ ಎರಡು ವಿಷಯಗಳು ಇಂದು ಎರಡು ವಿಭಾಗಗಳಾಗಿವೆ.

ಹಾಗೆಂದು ಸಂಸ್ಥಾನಗಳಲ್ಲಿ ಆದ್ಯತೆಯ ಚರ್ಚೆಯೇ ಇರಲಿಲ್ಲವೆಂದಲ್ಲ. ಗೋಪಾಲಕೃಷ್ಣ ಗೋಖಲೆಯವರು 1902ರಿಂದ ತಮ್ಮ ಮುಂಗಡಪತ್ರ ಭಾಷಣಗಳಲ್ಲಿ ಸೈನಿಕ ವೆಚ್ಚವನ್ನೂ ಉಪ್ಪಿನ ತೆರಿಗೆಯನ್ನೂ ಶಾಲೆಗಳ ಕೊರತೆಯನ್ನೂ ಒಂದರ ಎದುರು ಒಂದಿಟ್ಟು ತೂಗಿದರು. ಅವರ ಪ್ರಾಥಮಿಕ ಶಿಕ್ಷಣ ಮಸೂದೆ 1912ರ ಮಾರ್ಚ್‌ನಲ್ಲಿ 13ರ ವಿರುದ್ಧ 38 ಮತಗಳಿಂದ ಬಿದ್ದುಹೋಯಿತು. ಅವರ ಮುಂದಿದ್ದ ಮಾದರಿ ಬರೋಡಾ. ಸಯಾಜಿರಾವ್ ಗಾಯಕವಾಡರು 1906ರಲ್ಲಿ ಸಂಸ್ಥಾನದಾದ್ಯಂತ ಕಡ್ಡಾಯ ಶಿಕ್ಷಣವನ್ನು ತಂದಿದ್ದರು. ಮೈಸೂರು 1913ರಲ್ಲಿ ಅಂಥದೇ ಕಾನೂನು ಮಾಡಿತು. ಆದ್ದರಿಂದ 1918ರಲ್ಲಿ ಚರೋತರಿನ ಹೊಲದ ಬದುವಿನ ಒಂದು ಬದಿಗೆ ಕಡ್ಡಾಯ ಶಾಲೆಯಿದ್ದ ಪೇಟ್ಲಾದ್ ಹಳ್ಳಿ, ಇನ್ನೊಂದು ಬದಿಗೆ ಅಂಥ ಕಾನೂನಿಲ್ಲದ ಬ್ರಿಟಿಷ್ ಹಳ್ಳಿ. ಸರಕಾರ ನಮಗೆ ಮಾಡಿದ ಉಪಕಾರವೇನೆಂದು ಕೇಳಿದ ರೈತನಿಗೆ ಹೋಲಿಕೆ ಕಣ್ಣೆದುರಿಗೇ ಇತ್ತು. ಆ ಪ್ರಶ್ನೆಯನ್ನು ಒರಟು ಮಾತೆಂದು ತಳ್ಳಿಹಾಕುವವರು ಈ ಬದುವನ್ನು ಗಮನಿಸಬೇಕು.

ನಮ್ಮ ಓದಿಗೆ ಒಂದು ಆಕ್ಷೇಪ ಬರಬಹುದು, ಬರಲೇಬೇಕು. ಖೇಡಾದ ಸತ್ಯಾಗ್ರಹಿಗಳು ಮುಖ್ಯವಾಗಿ ಪಾಟೀದಾರರು, ಭೂಮಿಯುಳ್ಳವರು. ಡೇವಿಡ್ ಹಾರ್ಡಿಮನ್ 1981ರ ತಮ್ಮ ಗ್ರಂಥದಲ್ಲಿ ಈ ಚಳುವಳಿಯ ಜಾತಿ ವರ್ಗಗಳ ನೆಲೆಯನ್ನು ವಿವರವಾಗಿ ತೋರಿಸಿದ್ದಾರೆ. ಬಂಡಿ ಇದ್ದವರು ಮಾತ್ರ ಬಂಡಿಯನ್ನು ನಿರಾಕರಿಸಬಲ್ಲರು. ಧಾರಾಳಾ ಎಂದು ಕರೆಯಲಾಗುತ್ತಿದ್ದ ಸಮುದಾಯಗಳಿಗೆ, ಪರರ ಹೊಲದಲ್ಲಿ ದುಡಿಯುವವರಿಗೆ, ಕಂದಾಯದ ಮುಂದೂಡಿಕೆಯಿಂದ ನೇರವಾಗಿ ದಕ್ಕುವುದು ಹೆಚ್ಚೇನಿರಲಿಲ್ಲ. ಅವರಿಗೆ ಸೈನ್ಯದ ಸಂಬಳ ಬೇರೆಯೇ ರೀತಿಯಲ್ಲಿ ಕಂಡಿರಬಹುದು. ನೆತ್ತರುಗೊಡಗೆಯ ವಿಷಯದಲ್ಲೂ ಇದೇ ಮಾತು. ಕೊಡಗೆಯಾದ ಭೂಮಿಯನ್ನು ಉತ್ತವರ ಹೆಸರು ಕಲ್ಲಿನ ಮೇಲಿಲ್ಲ, ಬಿಟ್ಟ ತೆರಿಗೆ ಉಳಿದ ಯಾರ ತಲೆಯ ಮೇಲೆ ಬಂತೆಂಬುದೂ ಇಲ್ಲ. ನಾವು ಒಪ್ಪಂದವೆಂದು ಕರೆದದ್ದು ಭೂಮಿಯುಳ್ಳವರ ಮತ್ತು ಪ್ರಭುತ್ವದ ನಡುವಣ ಒಪ್ಪಂದ. ಈ ಆಕ್ಷೇಪವನ್ನು ನಾವು ಪೂರ್ತಿಯಾಗಿ ಒಪ್ಪುತ್ತೇವೆ. ಬಂಡಿಯ ವಿವರವನ್ನು ಮತದಾನವೆಂದು ಕರೆದಾಗ ಅದು ಆಸ್ತಿಯುಳ್ಳವರ ಮತದಾನವೆಂಬುದನ್ನು ಮರೆಯುವಂತಿಲ್ಲ.

ಹೀಗಿದ್ದರೂ ಆ ಮತ ವ್ಯರ್ಥವಾಗಲಿಲ್ಲ. 1928ರ ಬಾರ್ದೋಲಿಯಲ್ಲಿ, 1930ರಿಂದ 1932ರವರೆಗೆ ಅಂಕೋಲೆ ಸಿದ್ದಾಪುರಗಳಲ್ಲಿ ಮತ್ತು ಹಿರೇಕೆರೂರಿನಲ್ಲಿ ಕರನಿರಾಕರಣೆ ನಡೆದಾಗ, ಅದೇ ಮುಂಬಯಿ ಸರಕಾರ, ಅದೇ ಕಾಯಿದೆ, ಅದೇ ಜಪ್ತಿ. ಅಂಕೋಲೆಯನ್ನು ಕರ್ನಾಟಕದ ಬಾರ್ದೋಲಿ ಎಂದು ಕರೆಯುವ ರೂಢಿಯಿದೆ. ಖೇಡಾದ ಭರ್ತಿಯ ಕೆಲಸವಾದರೋ 1918ರ ಮಳೆಗಾಲದಲ್ಲಿ ಗಾಂಧೀಜಿಯವರ ಕಾಯಿಲೆಯೊಂದಿಗೆ ನಿಂತಿತು. ಜರ್ಮನಿ ಸೋತಿದೆ, ಇನ್ನು ಜನರನ್ನು ಸೇರಿಸುವ ಅಗತ್ಯವಿಲ್ಲವೆಂದು ಕಮಿಷನರು ಹೇಳಿಕಳಿಸಿದ್ದನ್ನು ವಲ್ಲಭಭಾಯಿ ಹಾಸಿಗೆಯ ಬಳಿಗೆ ಬಂದು ತಿಳಿಸಿದರು. ಅಷ್ಟರಲ್ಲಿ ಖೇಡಾದ ಹಳ್ಳಿಗಳಲ್ಲಿ ಮರುವರ್ಷದ ಕಂದಾಯದ ಕಾಲ ಹತ್ತಿರವಾಗಿತ್ತು.